ಮನೆಯಂಗಳದ ಮರ ಕಡಿಸಲು ಖರ್ಚೆಷ್ಟು? ಲೆಕ್ಕ ಕೇಳೋಣ, ಬರೆಸಿಕೊಳ್ಳೋಣ



ಮಳೆಗಾಲ ಹತ್ತಿರ ಬಂತೆಂದರೆ ನಮ್ಮ ಕರಾವಳಿ ಮತ್ತು ಮಲೆನಾಡಿನ ಸಂಘಗಳ ಸಭೆಯಲ್ಲಿ ಒಂದು ಸಾಲದ ಬೇಡಿಕೆ ತಪ್ಪದೆ ಬರುತ್ತದೆ. “ಮನೆ ಹಿಂದಿನ ಮರ ಮಾಡಿನ ಮೇಲೆ ವಾಲಿದೆ, ಕಡಿಸಬೇಕು.” ಸರಿ, ಎಷ್ಟು ಬೇಕು ಎಂದು ಕೇಳಿದರೆ ಉತ್ತರ ಸ್ಪಷ್ಟವಿರುವುದಿಲ್ಲ. ಮರ ಕಡಿಯುವ ಒಬ್ಬರು ನಾಲ್ಕು ಸಾವಿರ ಎಂದಿರುತ್ತಾರೆ. ಇನ್ನೊಬ್ಬರು ಹನ್ನೆರಡು ಸಾವಿರ ಎನ್ನುತ್ತಾರೆ. ಮೂರನೆಯವರು ಬಂದು “ದುಡ್ಡೇ ಬೇಡ ಅಕ್ಕ, ಮರ ನಮಗೆ ಬಿಡಿ ಸಾಕು” ಎಂದು ಹೇಳಿ ಹೋಗಿರುತ್ತಾರೆ. ಒಂದೇ ಮರಕ್ಕೆ ಮೂರು ಮಾತು! ಯಾರನ್ನು ನಂಬುವುದು?

ಮನೆಯ ಗಂಡಸರು ಊರಲ್ಲಿಲ್ಲದ ಕಡೆ, ಗಂಡ ತೀರಿಕೊಂಡ ಸಹೋದರಿಯರ ಮನೆಯಲ್ಲಿ ಈ ಚೌಕಾಶಿ ಹೆಂಗಸರೇ ಮಾಡಬೇಕು. ಲೆಕ್ಕ ಗೊತ್ತಿಲ್ಲದಿದ್ದರೆ ಒಂದೋ ಹೆಚ್ಚು ದುಡ್ಡು ಹೋಗುತ್ತದೆ, ಇಲ್ಲವೇ ಕಡಿಮೆಗೆ ಬಂದವರಿಂದ ಹಂಚು, ಪಕ್ಕಾಸು ಎಲ್ಲ ಪುಡಿಯಾಗುತ್ತದೆ. ಕೆಲವೊಮ್ಮೆ ಮರ ಹತ್ತಿದವರ ಜೀವವೇ ಹೋಗುತ್ತದೆ. ಆದ್ದರಿಂದ ಈ ಸಲ ಈ ವಿಷಯವನ್ನೇ ತಿಳಿದುಕೊಳ್ಳೋಣ.

ಮೊದಲೇ ಒಂದು ಮಾತು ನೆನಪಿಡಿ. ಮರ ಕಡಿಯುವ ಕೂಲಿಯ ಲೆಕ್ಕ ಬೇರೆ, ಕಡಿದ ಮರದ ಬೆಲೆಯ ಲೆಕ್ಕ ಬೇರೆ. ಇವೆರಡನ್ನೂ ಒಟ್ಟು ಸೇರಿಸಿ ಮಾತಾಡಿದಾಗಲೇ ನಾವು ಸೋಲುವುದು.

1. ಮರ ಎಲ್ಲಿ ನಿಂತಿದೆ?

ಕೂಲಿ ನಿರ್ಧಾರವಾಗುವುದು ಹೆಚ್ಚಾಗಿ ಮರ ನಿಂತ ಜಾಗದಿಂದ. ಒಂದೇ ಎತ್ತರದ ಎರಡು ತೆಂಗಿನ ಮರ ಇವೆ ಎಂದಿಟ್ಟುಕೊಳ್ಳಿ. ಒಂದು ತೋಟದ ಅಂಚಿನಲ್ಲಿದೆ. ಹಗ್ಗ ಕಟ್ಟಿ, ಬುಡ ಕೊಯ್ದು, ಖಾಲಿ ಜಾಗದ ಕಡೆಗೆ ಬೀಳಿಸಿದರೆ ಇಬ್ಬರಿಗೆ ಅರ್ಧ ದಿನದ ಕೆಲಸ. ಇನ್ನೊಂದು ಮನೆಯ ಮಾಡಿಗೆ ತಾಗಿಕೊಂಡಿದೆ. ಇದನ್ನು ಬುಡದಿಂದ ಬೀಳಿಸುವ ಹಾಗಿಲ್ಲ. ಒಬ್ಬರು ಹತ್ತಿ ಮೊದಲು ತಲೆ ತೆಗೆಯಬೇಕು, ಆಮೇಲೆ ಕಾಂಡವನ್ನು ತುಂಡು ತುಂಡಾಗಿ ಕೊಯ್ದು ಹಗ್ಗದಲ್ಲಿ ಇಳಿಸಬೇಕು. ಕೆಳಗೆ ಹಗ್ಗ ಹಿಡಿಯಲು ಇಬ್ಬರು ಮೂವರು ಬೇಕು, ದಿನವೂ ಹೆಚ್ಚು ಬೇಕು. ಎರಡನೆಯ ಮರಕ್ಕೆ ಮೂರು ಪಟ್ಟು ಕೇಳಿದರೆ ಅದು ಮೋಸವೆಂದು ಹೇಳಲಾಗದು.

ಮನೆ, ಕೊಟ್ಟಿಗೆ, ಬಾವಿ, ನೀರಿನ ಟ್ಯಾಂಕ್, ಪಕ್ಕದವರ ಕಾಂಪೌಂಡು, ಕರೆಂಟಿನ ತಂತಿ ಇವು ಹತ್ತಿರವಿದ್ದಷ್ಟೂ ಕೂಲಿ ಏರುತ್ತದೆ. ಮರ ಯಾವ ಕಡೆ ವಾಲಿದೆ ಎಂಬುದೂ ಮುಖ್ಯ. ಮನೆ ಕಡೆಗೆ ವಾಲಿದ ಮರವನ್ನು ಬೇರೆ ಕಡೆ ಎಳೆದು ಬೀಳಿಸಲು ಅನುಭವ ಬೇಕು.

2. ಎಷ್ಟು ದಪ್ಪ, ಎಷ್ಟು ಎತ್ತರ, ಆರೋಗ್ಯ ಹೇಗಿದೆ?

ಮರದ ದಪ್ಪವನ್ನು ಸುತ್ತಳತೆಯಲ್ಲಿ ಹೇಳುತ್ತಾರೆ. ಹೊಲಿಗೆಯ ಟೇಪು ಇದ್ದರೆ ಸಾಕು, ಎದೆಮಟ್ಟದಲ್ಲಿ ಸುತ್ತಿ ಅಳೆಯಿರಿ. ಇಲ್ಲೊಂದು ವಿಷಯ ಗಮನಿಸಿ. 3 ಅಡಿ ಸುತ್ತಳತೆಯ ಮರಕ್ಕಿಂತ 6 ಅಡಿ ಸುತ್ತಳತೆಯ ಮರ ಎರಡು ಪಟ್ಟು ಅಲ್ಲ. ಉದ್ದ ಒಂದೇ ಆಗಿದ್ದರೆ ಅದರಲ್ಲಿ ನಾಲ್ಕು ಪಟ್ಟು ಮರ ಇರುತ್ತದೆ. ಭಾರವೂ ನಾಲ್ಕು ಪಟ್ಟು. ಹಾಗಾಗಿ “ಅವರ ಮನೆಯ ಮರಕ್ಕೆ ಇಷ್ಟೇ ಕೊಟ್ಟಿದ್ದಂತೆ” ಎಂದು ಕಣ್ಣಂದಾಜಿನಲ್ಲಿ ಹೋಲಿಸಬೇಡಿ.

ಒಣಗಿದ ಮರ, ಒಳಗೆ ಟೊಳ್ಳಾದ ಮರ ಕಡಿಯುವುದು ಸುಲಭ ಎಂದು ನಮಗೆ ಅನಿಸುತ್ತದೆ. ನಿಜದಲ್ಲಿ ಅದೇ ಹೆಚ್ಚು ಅಪಾಯ. ಹತ್ತಿದವರ ಭಾರಕ್ಕೆ ಗೆಲ್ಲು ಮುರಿಯಬಹುದು, ಹಗ್ಗ ಕಟ್ಟಲು ಗಟ್ಟಿ ಜಾಗ ಸಿಗದಿರಬಹುದು. ಬುಡದಲ್ಲಿ ಅಣಬೆ ಎದ್ದಿದ್ದರೆ, ತಟ್ಟಿದಾಗ ಡೋಲಿನಂತೆ ಸದ್ದು ಬಂದರೆ, ಹೆಜ್ಜೇನು ಅಥವಾ ಕಣಜದ ಗೂಡು ಇದ್ದರೆ ಮೊದಲೇ ತಿಳಿಸಿ. ಮುಚ್ಚಿಟ್ಟು ಕೂಲಿ ಇಳಿಸುವುದು ಇನ್ನೊಬ್ಬರ ಜೀವದ ಜೊತೆ ಆಟ ಆಡಿದ ಹಾಗೆ.

3. ಕಡಿದ ಮೇಲೆ ಏನು?

ಜಗಳ ಹೆಚ್ಚಾಗಿ ಇಲ್ಲೇ ಹುಟ್ಟುವುದು. ನಾಲ್ಕು ಸಾವಿರ ಹೇಳಿದವರು ಮರ ಬೀಳಿಸಿ ಹೋಗುತ್ತಾರೆ, ಅಂಗಳದ ತುಂಬ ಗೆಲ್ಲು ಸೊಪ್ಪು ಹಾಗೇ ಬಿದ್ದಿರುತ್ತದೆ. ಹನ್ನೆರಡು ಸಾವಿರ ಹೇಳಿದವರು ತುಂಡು ಮಾಡಿ, ಸಾಗಿಸಿ, ಗುಡಿಸಿ ಕೊಡುವ ಲೆಕ್ಕ ಹೇಳಿರಬಹುದು. ಆದ್ದರಿಂದ ಹೀಗೆ ಬಿಡಿಸಿ ಕೇಳಿ:
• ಬೀಳಿಸುವುದಕ್ಕೆ ಎಷ್ಟು?
• ಸೌದೆಯ ಅಳತೆಗೆ ತುಂಡು ಮಾಡುವುದಕ್ಕೆ ಎಷ್ಟು?
• ಸಾಗಿಸುವುದಕ್ಕೆ ಎಷ್ಟು? ಪಿಕಪ್ ಮನೆಯವರೆಗೆ ಬರುತ್ತದೆಯೋ, ರಸ್ತೆವರೆಗೆ ಹೊರಬೇಕೋ?
• ಬುಡದ ಕುತ್ತಿ ತೆಗೆಯುವುದಕ್ಕೆ ಎಷ್ಟು?

ಕುತ್ತಿ ತೆಗೆಯುವುದು ಬೇರೆಯೇ ಕೆಲಸ. ಜೆಸಿಬಿ ಬರುವ ದಾರಿ ಇದ್ದರೆ ಗಂಟೆ ಲೆಕ್ಕದ ಬಾಡಿಗೆ, ಇಲ್ಲದಿದ್ದರೆ ಆಳುಗಳೇ ಅಗೆಯಬೇಕು. ಅಲ್ಲಿ ಏನಾದರೂ ಕಟ್ಟುವುದಿದ್ದರೆ ಮಾತ್ರ ತೆಗೆಸಿ. ಇಲ್ಲದಿದ್ದರೆ ನೆಲದ ಮಟ್ಟಕ್ಕೆ ಕೊಯ್ಸಿ ಮಣ್ಣು ಮುಚ್ಚಿದರೆ ಸಾಕು, ಕಾಲಕ್ರಮೇಣ ಕೊಳೆಯುತ್ತದೆ. ಅಡಿಪಾಯದ ಹತ್ತಿರ ಬೇರು ಕೀಳಿಸಿದರೆ ಗೋಡೆ ಬಿರುಕು ಬಿಡುವ ಸಾಧ್ಯತೆಯೂ ಇದೆ.

4. ಯಾವ ತಿಂಗಳು?

ಮೇ ತಿಂಗಳ ಕೊನೆಗೆ ಮೋಡ ಕಟ್ಟಿದಾಗ ಎಲ್ಲರಿಗೂ ಮರದ ನೆನಪಾಗುತ್ತದೆ. ಆಗ ಆಳು ಸಿಗುವುದಿಲ್ಲ, ಸಿಕ್ಕವರು ಹೇಳಿದ್ದೇ ದರ. ಮಳೆ ಹಿಡಿದ ಮೇಲೆ ಕಾಂಡ ಜಾರುತ್ತದೆ, ವಾಹನ ಹೂತುಹೋಗುತ್ತದೆ. ಮರ ಮಾಡಿನ ಮೇಲೆ ಬಿದ್ದೇಬಿಟ್ಟರೆ ತೆಗೆಯುವ ಖರ್ಚು ಇನ್ನೂ ಹೆಚ್ಚು, ಚೌಕಾಶಿಗೆ ಸಮಯವೂ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಡಿಸುವುದು ಒಳ್ಳೆಯದು. ಅನುಮತಿಗೆ ಅದಕ್ಕೂ ಮೊದಲೇ ಅರ್ಜಿ ಹಾಕಬೇಕು.

5. ಅನುಮತಿ ಬೇಕೇ?

ನಮ್ಮ ಜಾಗದ ಮರವಾದರೂ ಕಡಿಯಲು ಅನುಮತಿ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ ಮರ ಮತ್ತು ಜೀವಕ್ಕೆ, ಆಸ್ತಿಗೆ ಅಪಾಯ ತರುವ ಮರಗಳ ಬಗ್ಗೆ ಕಾಯ್ದೆಯಲ್ಲೇ ಹೇಳಿದೆ. ನಿಮ್ಮ ಅರ್ಜಿಯಲ್ಲಿ ಇಂಥ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ, ಫೋಟೋ ಲಗತ್ತಿಸಿ. ಕಡಿದ ಮರಕ್ಕೆ ಬದಲು ಗಿಡ ನೆಡುವ ಹೊಣೆಯೂ ಇದೆ.

ತೆಂಗು, ರಬ್ಬರ್, ಗಾಳಿ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗ್ಲಿರಿಸೀಡಿಯ ಮುಂತಾದ ಕೆಲವು ಜಾತಿಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ. ಶ್ರೀಗಂಧ, ಬೀಟೆ, ಸಾಗುವಾನಿ ಇದ್ದರೆ ಇಲಾಖೆಯನ್ನು ಕೇಳದೆ ಕತ್ತಿ ತಾಗಿಸಲೇಬೇಡಿ. “ಕಡಿಯುವುದಿಲ್ಲ, ಗೆಲ್ಲು ಮಾತ್ರ ಬೋಳಿಸುತ್ತೇವೆ” ಎಂದರೂ ಕಾಯ್ದೆಯ ದೃಷ್ಟಿಯಲ್ಲಿ ಗೆಲ್ಲು ಬೋಳಿಸುವುದೂ, ಬುಡದ ತೊಗಟೆ ಸುಲಿಯುವುದೂ ಕಡಿದ ಹಾಗೆಯೇ.

ನಮ್ಮ ಸಹೋದರಿಯರಿಗೆ ತೊಡಕಾಗುವುದು ಇನ್ನೊಂದು ಕಡೆ. ಪಹಣಿ ತೀರಿಹೋದ ಮಾವನ ಅಥವಾ ಗಂಡನ ಹೆಸರಿನಲ್ಲೇ ಇರುತ್ತದೆ, ಅರ್ಜಿ ಅಲ್ಲೇ ನಿಲ್ಲುತ್ತದೆ. ಜಂಟಿ ಖಾತೆಯಾದರೆ ಉಳಿದವರ ಒಪ್ಪಿಗೆ ಕೇಳುತ್ತಾರೆ. ಮರದ ನೆಪದಲ್ಲಾದರೂ ಪಹಣಿ ತೆಗೆಸಿ ನೋಡಿ, ಹೆಸರು ಬದಲಾವಣೆ ಆಗದಿದ್ದರೆ ಅದನ್ನು ಮೊದಲು ಮಾಡಿಸಿ. “ಪರವಾನಿಗಿ ನಾನೇ ನೋಡಿಕೊಳ್ಳುತ್ತೇನೆ” ಎಂದು ವ್ಯಾಪಾರಿ ಹೇಳಿದರೆ ಅನುಮತಿ ಪತ್ರ ಕೈಗೆ ಬರುವವರೆಗೆ ಗರಗಸ ಹಚ್ಚಲು ಬಿಡಬೇಡಿ. ಕೇಸು ಬಿದ್ದರೆ ಜಾಗದ ಯಜಮಾನರನ್ನೂ ಕೇಳುತ್ತಾರೆ.

6. ಮರದ ಬೆಲೆ ನಾವೇ ಲೆಕ್ಕ ಹಾಕೋಣ

ಮರದ ವ್ಯಾಪಾರದಲ್ಲಿ ದಿಮ್ಮಿಯನ್ನು ಘನ ಅಡಿ (ಸಿ.ಎಫ್.ಟಿ.) ಲೆಕ್ಕದಲ್ಲಿ ಕೊಳ್ಳುತ್ತಾರೆ. ಲೆಕ್ಕ ಕಷ್ಟವಿಲ್ಲ. ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಆಮೇಲೆ ಉದ್ದದಿಂದ ಗುಣಿಸಿ.

ಉದಾಹರಣೆಗೆ, ಹಲಸಿನ ದಿಮ್ಮಿಯ ನಡುಭಾಗದ ಸುತ್ತಳತೆ 5 ಅಡಿ, ಉದ್ದ 10 ಅಡಿ. 5 ಅನ್ನು 4ರಿಂದ ಭಾಗಿಸಿದರೆ 1.25. ಅದನ್ನು 1.25ರಿಂದ ಗುಣಿಸಿದರೆ ಸುಮಾರು 1.56. ಉದ್ದ 10ರಿಂದ ಗುಣಿಸಿದರೆ 15.6 ಘನ ಅಡಿ. ಈ ಪದ್ಧತಿಯಲ್ಲಿ ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಐದರಲ್ಲಿ ಒಂದು ಪಾಲಿಗೂ ಸ್ವಲ್ಪ ಹೆಚ್ಚು ಕಡಿಮೆ ಲೆಕ್ಕ ಬರುತ್ತದೆ. ಕೊಯ್ಯುವಾಗ ಹೋಗುವ ಸಿಪ್ಪೆ, ಪುಡಿ ಇದರಲ್ಲೇ ಕಳೆದ ಹಾಗಾಯಿತು. ಆದ್ದರಿಂದ “ವೇಸ್ಟು” ಎಂದು ಮತ್ತೊಮ್ಮೆ ಕಳೆಯಲು ಬಂದರೆ ಪ್ರಶ್ನೆ ಮಾಡಿ.

ಈಗ ಕೂಲಿ ಮತ್ತು ಬೆಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. (ಇದು ಲೆಕ್ಕ ತಿಳಿಯಲು ಮಾತ್ರ, ದರಪಟ್ಟಿ ಅಲ್ಲ. ನಿಮ್ಮ ಊರಿನ ದರ ಹಾಕಿಕೊಳ್ಳಿ.) ನಾಲ್ಕು ಆಳು, ಎರಡು ದಿನ, ತಲಾ 1,000 ರೂಪಾಯಿಯಂತೆ 8,000. ಮಿಷನ್ ಗರಗಸದ ಬಾಡಿಗೆ, ಪೆಟ್ರೋಲ್ 1,500. ಪಿಕಪ್ 1,500. ಒಟ್ಟು ಖರ್ಚು 11,000. ದಿಮ್ಮಿ 15 ಘನ ಅಡಿ ಎಂದು ಹಿಡಿದು, ಮಿಲ್ಲಿನವರು 800 ರೂಪಾಯಿ ಹೇಳಿದರೆ 12,000. ಅಂದರೆ ಖರ್ಚು ಕಳೆದು ಕೈಗೆ 1,000 ರೂಪಾಯಿ, ಮೇಲಿಂದ ಗೆಲ್ಲಿನ ಸೌದೆ ನಮ್ಮದೇ. “ದುಡ್ಡು ಬೇಡ, ಮರ ಬಿಡಿ” ಎಂದವರಿಗೆ ಒಪ್ಪಿದ್ದರೆ ಎರಡೂ ಹೋಗುತ್ತಿತ್ತು. ಅದೇ ಮರ ಒಳಗೆ ಟೊಳ್ಳಾಗಿದ್ದರೆ, ಅಥವಾ ಬೆಲೆ ಇಲ್ಲದ ಮೆದು ಜಾತಿಯದ್ದಾಗಿದ್ದರೆ ಆ ಮಾತು ನಮಗೇ ಲಾಭ. ಲೆಕ್ಕ ಹಾಕದೆ ಇದು ಗೊತ್ತಾಗುವುದು ಹೇಗೆ?

ಅಂಗಳದ ಮರಕ್ಕೆ ಮಿಲ್ಲಿನವರು ಬೆಲೆ ಇಳಿಸಲು ಒಂದು ಕಾರಣವೂ ಉಂಟು. ಬಟ್ಟೆ ಒಣಗಿಸುವ ತಂತಿಗೆಂದು ನಾವು ಹೊಡೆದ ಮೊಳೆ ಕಾಂಡದೊಳಗೆ ಸೇರಿಹೋಗಿರುತ್ತದೆ, ಅದು ಗರಗಸದ ಹಲ್ಲು ಮುರಿಯುತ್ತದೆ. ಇನ್ನು ಮುಂದೆ ಮರಕ್ಕೆ ಮೊಳೆ ಹೊಡೆಯುವ ಮುಂಚೆ ಯೋಚಿಸಿ.

7. ಕಡಿಮೆ ದರಕ್ಕಿಂತ ಜೀವ ದೊಡ್ಡದು

ತಂತಿ ಹತ್ತಿರ ಇದ್ದರೆ ಮೆಸ್ಕಾಂ ಅಥವಾ ನಿಮ್ಮ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಮೊದಲೇ ಹೇಳಿ, ಲೈನ್ ಆಫ್ ಮಾಡಿಸಿಯೇ ಕೆಲಸ ಶುರು ಮಾಡಿಸಿ. ತುರ್ತಿಗೆ 1912ಕ್ಕೆ ಫೋನ್ ಮಾಡಬಹುದು. ಹಸಿ ಮರ ಮತ್ತು ಒದ್ದೆ ಹಗ್ಗದಲ್ಲಿ ಕರೆಂಟು ಹರಿಯುತ್ತದೆ.

ಹತ್ತುವವರಿಗೆ ಹೆಲ್ಮೆಟ್, ಸೊಂಟದ ಬೆಲ್ಟು, ಗಟ್ಟಿ ಹಗ್ಗ ಇದೆಯೇ ಎಂದು ಕೇಳುವುದರಲ್ಲಿ ನಾಚಿಕೆ ಬೇಡ. ಅವರಿಗೆ ಅಪಘಾತ ವಿಮೆ ಇದೆಯೇ ಎಂದೂ ಕೇಳಿ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. 18ರಿಂದ 70 ವರ್ಷದವರು, ಬ್ಯಾಂಕ್ ಅಥವಾ ಅಂಚೆ ಖಾತೆ ಇದ್ದವರು ಸೇರಬಹುದು. 2022ರ ಜೂನ್‌ನಿಂದ ಇದರ ಕಂತು ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯ ಆದರೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ. ಮರ ಕಡಿಯುವ ಎಷ್ಟೋ ಅಣ್ಣಂದಿರ ಹೆಂಡತಿ, ತಾಯಂದಿರು ನಮ್ಮ ಸಂಘಗಳಲ್ಲೇ ಇದ್ದಾರೆ. ಆ ಮನೆಗಳಲ್ಲಿ ಇದನ್ನು ಇಂದೇ ಮಾಡಿಸಿ.

8. ಸಂಘವಾಗಿ ಏನು ಮಾಡಬಹುದು?

ಒಬ್ಬೊಬ್ಬರೇ ಕರೆಸಿದರೆ ಗರಗಸ, ವಾಹನ, ಆಳುಗಳ ಓಡಾಟದ ಖರ್ಚು ಒಬ್ಬರ ತಲೆಗೇ ಬೀಳುತ್ತದೆ. ಒಂದೇ ಓಣಿಯ ನಾಲ್ಕೈದು ಮನೆಯವರು ಒಟ್ಟಾಗಿ ಒಂದೇ ತಂಡವನ್ನು ಕರೆಸಿದರೆ ಅದು ಹಂಚಿಹೋಗುತ್ತದೆ. ಸಾಲದ ಅರ್ಜಿಯ ಜೊತೆ ಕನಿಷ್ಠ ಇಬ್ಬರಿಂದ ಬರೆಸಿದ ದರ ಇರಲಿ. ಆ ಚೀಟಿಯಲ್ಲಿ ಯಾವ ಯಾವ ಕೆಲಸ ಸೇರಿದೆ, ಹಂಚು ಒಡೆದರೆ ಯಾರು ಕೊಡಬೇಕು, ಸೌದೆ ಯಾರಿಗೆ ಎಂಬುದೆಲ್ಲ ಬರಲಿ. ಪೂರ್ತಿ ಹಣ ಮುಂಗಡ ಕೊಡಬೇಡಿ, ಅಂಗಳ ಖಾಲಿಯಾದ ಮೇಲೆ ಬಾಕಿ ಕೊಡಿ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಮರ ಪೂರ್ತಿ ಹೋಗಲೇಬೇಕೇ? ಎಷ್ಟೋ ಸಲ ಮಾಡಿನ ಮೇಲಿನ ಒಂದೆರಡು ಗೆಲ್ಲು, ಅನುಮತಿ ಪಡೆದು ತೆಗೆಸಿದರೆ ಸಾಕಾಗುತ್ತದೆ. ಖರ್ಚೂ ಕಡಿಮೆ, ಹಲಸು, ಮಾವು, ನೆರಳು ಎಲ್ಲ ಉಳಿಯುತ್ತದೆ.

ಮುಂದಿನ ಸಭೆಯಲ್ಲಿ ಚರ್ಚಿಸೋಣ:
• ನಮ್ಮ ಸಂಘದ ಯಾರ ಯಾರ ಮನೆ ಹತ್ತಿರ ಅಪಾಯದ ಮರ ಇದೆ? ಅಂತಹ ಮರಗಳನ್ನು ಈ ವಾರ ಟೇಪು ಹಿಡಿದು ಅಳೆದು ಬರೋಣವೇ?
• ಆ ಜಾಗದ ಪಹಣಿ ಯಾರ ಹೆಸರಿನಲ್ಲಿದೆ?
• ಅಪಘಾತ ವಿಮೆ ಮಾಡಿಸದ ಸದಸ್ಯೆಯರು, ಅವರ ಮನೆಯವರು ಎಷ್ಟು ಮಂದಿ?
• ಕಡಿಸುವ ಒಂದೊಂದು ಮರಕ್ಕೆ ಬದಲು, ಮನೆಯಿಂದ ಸಾಕಷ್ಟು ದೂರದಲ್ಲಿ ಯಾವ ಗಿಡ ನೆಡೋಣ?