ಹಳೆಯ ಹವಾನಿಯಂತ್ರಣ ಯಂತ್ರಗಳಿಗೆ ಬದಲಿ ಶೈತ್ಯಕ: ದೋಣಿಯ ಕೋಣೆಯೊಂದರ ನಿದರ್ಶನ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಜನಿಸಿ, ಹೊಸನಗರ ತಾಲ್ಲೂಕನ್ನು ಹಾಯ್ದು, ಸಾಗರ ತಾಲ್ಲೂಕಿನಲ್ಲಿ ಲಿಂಗನಮಕ್ಕಿಯ ಜಲಾಶಯವಾಗಿ ಹರಡಿದೆ. 1964ರಲ್ಲಿ ಕಟ್ಟೆಯು ಪೂರ್ಣಗೊಂಡ ಬಳಿಕ ಹಿನ್ನೀರಿನಾಚೆಯ ಹಳ್ಳಿಗಳಿಗೆ ಲಾಂಚೇ ದಾರಿಯಾಯಿತು. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆಯುವವರೆಗೂ ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ವಾಹನಗಳು ಸಹ ಲಾಂಚಿನಲ್ಲಿಯೇ ಹೊಳೆ ದಾಟುತ್ತಿದ್ದವು. ತೆರೆದ ಅಟ್ಟದ ಆ ಲಾಂಚುಗಳಿಗೆ ಹವಾನಿಯಂತ್ರಣ ಬೇಕಿರಲಿಲ್ಲ. ಆದರೆ ಕೇರಳದ ಆಲಪ್ಪುಳದಲ್ಲಿ ಪ್ರವಾಸಿಗರು ರಾತ್ರಿ ತಂಗುವ ದೋಣಿಮನೆಗಳಲ್ಲಿ ಅಂತಹ ಯಂತ್ರಗಳುಂಟು. ಅದೇ ಬಗೆಯ ಯಂತ್ರಗಳು ನಮ್ಮ ಮೂರು ಪಟ್ಟಣಗಳ ವಸತಿಗೃಹಗಳಲ್ಲಿಯೂ ಅಂಗಡಿಗಳಲ್ಲಿಯೂ ಉಂಟು. ಇವುಗಳ ಪೈಕಿ ಹಳೆಯವುಗಳಲ್ಲಿರುವ ಶೈತ್ಯಕ ಆರ್-22. ಅದರ ಬದಲಿಗೆ ಏನನ್ನು ತುಂಬಬೇಕೆಂಬ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲಿರುವೆವು. ತಪ್ಪು ಆಯ್ಕೆಯ ಫಲವು ಇಕ್ಕಟ್ಟಾದ ಕೋಣೆಯಲ್ಲಿ ಅತ್ಯಂತ ಘೋರವಾಗುವುದರಿಂದ ದೋಣಿಯನ್ನೇ ನಿದರ್ಶನವಾಗಿ ಆರಿಸಿಕೊಂಡಿದ್ದೇವೆ.

ಶೈತ್ಯಕವೆಂಬುದು ಶಾಖವನ್ನು ಹೊರುವ ವಾಹಕ. ಕೋಣೆಯೊಳಗಿನ ಕೊಳವೆಗಳಲ್ಲಿ ಅದು ಕಡಿಮೆ ಒತ್ತಡದಲ್ಲಿ ಕುದಿದು ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತುತ್ತದೆ. ಹೊರಗಿನ ಕೊಳವೆಗಳಲ್ಲಿ ಅದು ಶಾಖವನ್ನು ಬಿಟ್ಟುಕೊಟ್ಟು ಪುನಃ ದ್ರವವಾಗುತ್ತದೆ. ಮಂಡಲವು ಮುಚ್ಚಿದುದಾದುದರಿಂದ ಶೈತ್ಯಕವು ಬಳಕೆಯಿಂದ ಸವೆಯುವುದಿಲ್ಲ. "ಗ್ಯಾಸು ಮುಗಿದಿದೆ" ಎಂಬ ಮಾತಿಗೆ ಸೋರಿಕೆಯ ಹೊರತು ಬೇರೆ ಅರ್ಥವಿಲ್ಲ. ತಂಪು ಕುಗ್ಗಿದಾಗಲೆಲ್ಲ ಸೋರಿಕೆಯೇ ಕಾರಣವೆಂದೂ ಹೇಳಲಾಗದು. ನೀರಿನಿಂದ ತಂಪುಗೊಳ್ಳುವ ದೋಣಿಯ ಯಂತ್ರದಲ್ಲಿ ಜರಡಿಗೆ ಪಾಚಿ ಕಟ್ಟಿದರೂ, ಊರಿನ ಯಂತ್ರದಲ್ಲಿ ರೆಕ್ಕೆಗಳಿಗೆ ಧೂಳು ತುಂಬಿದರೂ ಫಲವು ಒಂದೇ.

ಆರ್-22ನ್ನು ಏಕೆ ಕೈಬಿಡಬೇಕಾಯಿತು? ಅದರಲ್ಲಿರುವ ಕ್ಲೋರಿನ್ ವಾಯುಮಂಡಲದ ಮೇಲಿನ ಸ್ತರದ ಓಜೋನನ್ನು ನಾಶಪಡಿಸುತ್ತದೆ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಕ್ಲೋರೊಫ್ಲೋರೊಕಾರ್ಬನ್ನುಗಳ ಈ ಅಪಾಯವನ್ನು ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದನ್ನು ಸೇರಿತು. ಆರ್-12 ಮೊದಲಾದವುಗಳ ಬಳಕೆ 2010ರ ಹೊತ್ತಿಗೆ ನಿಂತಿತು. ಅವುಗಳಿಗಿಂತ ಸೌಮ್ಯವಾದ ಆರ್-22 ನಮ್ಮ ದೇಶದಲ್ಲಿ 2030ರೊಳಗೆ ಬಹುಮಟ್ಟಿಗೆ ಮರೆಯಾಗಬೇಕಾಗಿದೆ; ಅನಂತರ ದುರಸ್ತಿಗೆಂದು ಅತ್ಯಲ್ಪ ಪ್ರಮಾಣ ಮಾತ್ರ ಉಳಿಯುವುದು.

ಬದಲಿ ಶೈತ್ಯಕವನ್ನು ಮೂರು ಪರೀಕ್ಷೆಗಳಿಗೆ ಒಡ್ಡಬೇಕು. ಮೊದಲನೆಯದು ಒತ್ತಡ. 45 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಆರ್-22 ದ್ರವವಾಗಲು ಸುಮಾರು 17 ಬಾರ್ ಒತ್ತಡ ಸಾಕು. ಆರ್-410ಎ ಎಂಬ ಮಿಶ್ರಣಕ್ಕೆ ಸುಮಾರು 27 ಬಾರ್ ಬೇಕು. ಹಳೆಯ ಕೊಳವೆಗಳೂ ಕಂಪ್ರೆಸರೂ ಇದಕ್ಕಾಗಿ ನಿರ್ಮಿತವಾದುವಲ್ಲ. ಆದುದರಿಂದ ಆರ್-410ಎಯನ್ನು ಹಳೆಯ ಯಂತ್ರಕ್ಕೆ ಎಂದಿಗೂ ತುಂಬಬಾರದು. ಆರ್-134ಎ ಇದಕ್ಕೆ ವಿಪರೀತ: ಒತ್ತಡವು ಕಡಿಮೆಯಾದರೂ ಅದೇ ಕಂಪ್ರೆಸರಿನಿಂದ ದೊರೆಯುವ ತಂಪು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯುತ್ತದೆ.

ಎರಡನೆಯದು ಎಣ್ಣೆ. ಕಂಪ್ರೆಸರಿನ ಎಣ್ಣೆಯ ಸ್ವಲ್ಪಾಂಶವು ಶೈತ್ಯಕದೊಡನೆ ಸುತ್ತಿ ಮರಳಿ ಬರಬೇಕು. ಆರ್-22ಕ್ಕೆ ಖನಿಜ ಎಣ್ಣೆ ಒಗ್ಗುತ್ತದೆ. ಒತ್ತಡದಲ್ಲಿ ಅದಕ್ಕೆ ಸಮೀಪವಾದ ಆರ್-407ಸಿಗೆ ಒಗ್ಗದು. ಅದನ್ನು ಹರಿಸಿ ಪಾಲಿಯೋಲ್ ಎಸ್ಟರ್ ಎಣ್ಣೆ ತುಂಬಬೇಕು. ಇದು ತೇವವನ್ನು ಬಲವಾಗಿ ಹೀರುವುದರಿಂದ ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳವನ್ನು ತೆರೆದಿಡುವುದು ಕೂಡ ದೋಷವೇ ಸರಿ. ಆರ್-407ಸಿ ಮೂರು ಘಟಕಗಳ ಮಿಶ್ರಣವಾದುದರಿಂದ ಅದನ್ನು ದ್ರವರೂಪದಲ್ಲಿಯೇ ತುಂಬಬೇಕು. ಆವಿಯಾಗಿ ತೆಗೆದರೆ ಘಟಕಗಳ ಪ್ರಮಾಣ ಕೆಡುತ್ತದೆ. ಆರ್-422ಡಿಯಂತಹ ಕೆಲವು ಮಿಶ್ರಣಗಳು ಖನಿಜ ಎಣ್ಣೆಯೊಡನೆಯೇ ನಡೆಯುವುವಾದರೂ, ಭೂಮಿಯ ತಾಪವನ್ನೇರಿಸುವುದರಲ್ಲಿ ಆರ್-22ಕ್ಕಿಂತ ಮುಂದೆ ಇವೆ.

ಮೂರನೆಯದು ಜ್ವಲನಶೀಲತೆ. ಪ್ರೊಪೇನ್, ಅಂದರೆ ಆರ್-290, ಒತ್ತಡದಲ್ಲಿ ಆರ್-22ನ್ನು ಹೋಲುತ್ತದೆ, ಖನಿಜ ಎಣ್ಣೆಯೊಡನೆ ಬೆರೆಯುತ್ತದೆ, ತೂಕದಲ್ಲಿ ಅರ್ಧದಷ್ಟು ಸಾಕು, ಓಜೋನಿಗೆ ಹಾನಿಯಿಲ್ಲ. ಈ ಗುಣಗಳೇ ಮನುಷ್ಯನನ್ನು ಮೋಸಗೊಳಿಸುತ್ತವೆ. ಎರಡೆರಡು ಮೀಟರು ಉದ್ದ, ಅಗಲ, ಎತ್ತರಗಳುಳ್ಳ ದೋಣಿಯ ಕೋಣೆಯನ್ನು ಕಲ್ಪಿಸಿಕೊಳ್ಳೋಣ. ಅದರ ಗಾತ್ರ 8 ಘನಮೀಟರು. ಒಂದು ಘನಮೀಟರು ಗಾಳಿಯಲ್ಲಿ ಸುಮಾರು 38 ಗ್ರಾಂ ಪ್ರೊಪೇನ್ ಬೆರೆತರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವುದು. ಎಂದಮೇಲೆ ಸುಮಾರು 300 ಗ್ರಾಂ ಸೋರಿದರೆ ಇಡೀ ಕೋಣೆಯೇ ಸ್ಫೋಟಕ. ಒಂದು ಕಿಲೋಗ್ರಾಂ ಆರ್-22 ಇದ್ದ ಯಂತ್ರಕ್ಕೆ ಪ್ರೊಪೇನ್ ತುಂಬಿದರೆ ಅದು ಸುಮಾರು 500 ಗ್ರಾಂ ಆಗುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಈ ಅನಿಲವು ದೋಣಿಯ ತಳದಲ್ಲಿ ಕೂಡಿಕೊಳ್ಳುವುದರಿಂದ ಇನ್ನೂ ಕಡಿಮೆ ಸಾಕು. ಪ್ರೊಪೇನಿಗೆಂದೇ ನಿರ್ಮಿತವಾದ ಯಂತ್ರಗಳ ಮಾತು ಬೇರೆ. ಅವುಗಳಲ್ಲಿ ಅನಿಲದ ಪ್ರಮಾಣ ಮಿತವಾಗಿರುತ್ತದೆ, ಕಿಡಿಗೆ ಆಸ್ಪದವಿರದಂತೆ ವಿದ್ಯುತ್ ಭಾಗಗಳನ್ನು ರಚಿಸಿರುತ್ತಾರೆ. ಹಳೆಯ ಯಂತ್ರಕ್ಕೆ ಈ ರಕ್ಷಣೆಯಿಲ್ಲ. ಮಂದವಾಗಿ ಉರಿಯುವ ಆರ್-32ಕ್ಕೂ ಇದೇ ನಿಯಮ. ಅದರ ಒತ್ತಡವೂ ಅಧಿಕ.

ಇವುಗಳಿಂದ ಆಯ್ಕೆಯ ಕ್ರಮವು ಸ್ಪಷ್ಟವಾಗುತ್ತದೆ. ಮೊದಲು ಸೋರಿಕೆಯನ್ನು ಹುಡುಕಿ ಬೆಸೆಯಬೇಕು. ಯಂತ್ರವು ಗಟ್ಟಿಯಾಗಿದ್ದರೆ ಬೇರೆಡೆಯಿಂದ ಹಿಂಪಡೆದು ಶುದ್ಧೀಕರಿಸಿದ ಆರ್-22ನ್ನೇ ತುಂಬಿ ಅದರ ಆಯುಸ್ಸನ್ನು ಮುಗಿಸಬಿಡುವುದು ಲೇಸು. ಯಂತ್ರವನ್ನು ಕಳಚುವುದು ದುಸ್ಸಾಧ್ಯವಾಗಿದ್ದು ಆರ್-22 ದೊರೆಯದಿದ್ದಾಗ ಮಾತ್ರ ಎಣ್ಣೆಯನ್ನು ಬದಲಿಸಿ ಆರ್-407ಸಿ ತುಂಬಬಹುದು. ಕಂಪ್ರೆಸರೇ ಕೆಟ್ಟಿದ್ದರೆ ಹಳೆಯದಕ್ಕೆ ಹಣ ಹಾಕದೆ, ಕೋಣೆಯ ಗಾತ್ರಕ್ಕೆ ಅನುಗುಣವಾದ ಹೊಸ ಯಂತ್ರವನ್ನೇ ತರಬೇಕು.

ಕಡೆಯದಾಗಿ ಒಂದು ಮಾತು. ಶೈತ್ಯಕವನ್ನು ಬದಲಿಸಿದವರು ಅದರ ಹೆಸರು, ತೂಕ, ಎಣ್ಣೆಯ ಬಗೆ, ದಿನಾಂಕ ಇವಿಷ್ಟನ್ನು ಯಂತ್ರದ ಮೇಲೆ ಬರೆದಂಟಿಸಬೇಕು. ಮುಂದೆಂದೋ ಬೆಸುಗೆಯ ಜ್ವಾಲೆಯನ್ನು ಹಿಡಿದು ಅದೇ ಕೊಳವೆಯ ಮುಂದೆ ಕುಳಿತುಕೊಳ್ಳುವವನಿಗೆ ಒಳಗೇನಿದೆಯೆಂದು ತಿಳಿಸುವ ಸಾಧನ ಆ ಚೀಟಿಯೊಂದೇ.