ಉದರಕ್ಕೊಂದು ಕಿರುಬಾಗಿಲು

ಹೊಟ್ಟೆಯ ಶಸ್ತ್ರಕ್ರಿಯೆಯೆಂದರೆ ಗೇಣುದ್ದದ ಗಾಯ, ಸಾಲುಹೊಲಿಗೆ, ವಾರಗಟ್ಟಲೆ ಹಾಸಿಗೆ—ಇದೇ ಬಹುಕಾಲ ಜನರ ಕಲ್ಪನೆಯಾಗಿತ್ತು. ಒಳಗಿನ ಅಂಗ ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬೇಕು. ಆದುದರಿಂದ ದೊಡ್ಡ ಗಾಯವೇ ದೊಡ್ಡ ಶಸ್ತ್ರವೈದ್ಯನ ಲಕ್ಷಣವೆಂಬ ಮಾತು ವೈದ್ಯರಲ್ಲಿಯೂ ಬಳಕೆಯಲ್ಲಿತ್ತು. ಈ ನಂಬಿಕೆ ಅಳಿಯಲು ಹೆಚ್ಚುಕಡಿಮೆ ಒಂದು ಶತಮಾನವೇ ಹಿಡಿಯಿತು.

1901ರಲ್ಲಿ ಜರ್ಮನಿಯ ಜಾರ್ಜ್ ಕೆಲ್ಲಿಂಗ್ ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ, ಸಣ್ಣ ದರ್ಶಕ ನಳಿಗೆಯನ್ನು ತೂರಿಸಿ ಒಳಗನ್ನು ನೋಡಿದರು. 1910ರಲ್ಲಿ ಸ್ವೀಡನ್ನಿನ ಯಾಕೊಬೇಯಸ್ ಮನುಷ್ಯರಲ್ಲಿ ಇಂಥದೇ ಪರೀಕ್ಷೆ ನಡೆಸಿ ವರದಿ ಪ್ರಕಟಿಸಿದರು. ಆದರೆ ನೋಡುವುದು ಬೇರೆ, ಕತ್ತರಿಸುವುದು ಬೇರೆ.

1980ರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗತಜ್ಞ ಕುರ್ಟ್ ಜೆಮ್ ಕಿರುರಂಧ್ರಗಳ ಮೂಲಕವೇ ಅಪೆಂಡಿಕ್ಸನ್ನು ತೆಗೆದರು. ಇದಕ್ಕಾಗಿ ಅವರನ್ನು ವೃತ್ತಿಯಿಂದಲೇ ದೂರವಿಡಬೇಕೆಂಬ ಕೂಗೆದ್ದಿತು! 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ ಪಿತ್ತಕೋಶವನ್ನು ಹೀಗೆಯೇ ತೆಗೆದು, ಮರುವರ್ಷ ಜರ್ಮನ್ ಶಸ್ತ್ರವೈದ್ಯರ ಸಂಘದ ಮುಂದೆ ವಿವರಿಸಿದಾಗ ಅವರಿಗೆ ದೊರೆತುದು ತಾತ್ಸಾರ. 1987ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಫಿಲಿಪ್ ಮೂರೆ ಅದೇ ಶಸ್ತ್ರಕ್ರಿಯೆ ಮಾಡಿದರು. ಅನಂತರ ಈ ವಿಧಾನ ಶೀಘ್ರವಾಗಿ ಹಬ್ಬಿತು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಇದನ್ನು ಭಾರತದಲ್ಲಿ ಮೊದಲಿಗೆ ನಡೆಸಿದರು. 1992ರಲ್ಲಿ ಅದೇ ಜರ್ಮನ್ ಸಂಘ ಮ್ಯೂಹೆಯವರಿಗೆ ಪ್ರಶಸ್ತಿಯನ್ನಿತ್ತು ಗೌರವಿಸಿತು!

ವಿಧಾನವಾದರೋ ಸರಳ. ರೋಗಿಗೆ ಮಂಪರು ಕೊಟ್ಟು, ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಹೊಟ್ಟೆಯ ಗೋಡೆ ಡೇರೆಯಂತೆ ಮೇಲೇಳುತ್ತದೆ. ಈ ಅನಿಲವೇ ಏಕೆ? ವಿದ್ಯುತ್ತಿನಿಂದ ರಕ್ತನಾಳಗಳನ್ನು ಸುಡುವಾಗ ಇದು ಹೊತ್ತಿಕೊಳ್ಳದು. ಉಳಿದುದನ್ನು ರಕ್ತ ಹೀರಿಕೊಳ್ಳುತ್ತದೆ, ಉಸಿರು ಹೊರಹಾಕುತ್ತದೆ. ನಳಿಗೆಗೆ ಜೋಡಿಸಿದ ಕ್ಯಾಮರಾ ಒಳಗಿನ ದೃಶ್ಯವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸುತ್ತದೆ. 5ರಿಂದ 10 ಮಿಲಿಮೀಟರ್ ಅಗಲದ ಬೇರೆ ರಂಧ್ರಗಳಿಂದ ಕತ್ತರಿ, ಚಿಮಟಗಳು ಒಳಸೇರುತ್ತವೆ. ನೋವು ಕಡಿಮೆ; ಪಿತ್ತಕೋಶ ತೆಗೆಸಿಕೊಂಡ ರೋಗಿ ಎಷ್ಟೋ ಸಲ ಮರುದಿನವೇ ಮನೆಗೆ ಹೊರಡುತ್ತಾನೆ.

2001ರಲ್ಲಿ ನ್ಯೂಯಾರ್ಕಿನಲ್ಲಿ ಕುಳಿತ ವೈದ್ಯರು ಯಂತ್ರದ ಕೈಗಳನ್ನು ನಡೆಸಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿದ್ದ ರೋಗಿಯ ಪಿತ್ತಕೋಶವನ್ನು ತೆಗೆದುದೂ ಉಂಟು.

ಆದರೂ ಇದು ಸರ್ವರೋಗಕ್ಕೂ ಮದ್ದಲ್ಲ. ರಕ್ತಸ್ರಾವ ಹತೋಟಿ ತಪ್ಪಿದರೆ, ಅಂಗಗಳು ಒಂದಕ್ಕೊಂದು ಅಂಟಿಕೊಂಡು ಗುರುತು ಸಿಗದಿದ್ದರೆ, ವೈದ್ಯರು ಹಳೆಯ ರೀತಿಯಲ್ಲಿಯೇ ಹೊಟ್ಟೆಯನ್ನು ತೆರೆಯಬೇಕಾಗುತ್ತದೆ. ಅದು ಸೋಲಲ್ಲ, ವಿವೇಕ. ಗಾಯ ಚಿಕ್ಕದಾದ ಮಾತ್ರಕ್ಕೆ ಒಳಗಿನ ಕೆಲಸ ಚಿಕ್ಕದಾಗುವುದಿಲ್ಲ. ಶಸ್ತ್ರವೈದ್ಯನ ಹೊಣೆಯೂ ಕಿರಿದಾಗುವುದಿಲ್ಲ.