ಬ್ಲೂ ಟಿಕ್ ಬಂತು, ಅರ್ಥವಾಯಿತೇ?

ಬೆಂಗಳೂರಿನ ಗಾಂಧಿಬಜಾರಿನ ಮನೆಗೆ ಹೊಸಬರು ಫೋನಿನಲ್ಲಿ ದಾರಿ ಕೇಳಿದರೆ ಮಾತು ಹೀಗಿರುತ್ತದೆ. "ವಿದ್ಯಾರ್ಥಿ ಭವನ ಗೊತ್ತಲ್ಲ?" "ಹ್ಞೂಂ, ದೋಸೆ ಹೋಟೆಲು." "ಅದನ್ನ ದಾಟಿ ಬನ್ನಿ." "ಯಾವ ಕಡೆಯಿಂದ?" ಹೇಳುವವರು ತುಂಡು ತುಂಡಾಗಿ ಹೇಳಿ ಕಾಯುತ್ತಾರೆ. 'ಹ್ಞೂಂ' ಬರದಿದ್ದರೆ ಗುರುತನ್ನೇ ಬದಲಿಸುತ್ತಾರೆ: "ಹೋಗಲಿ, ರಾಮಕೃಷ್ಣ ಆಶ್ರಮ ಗೊತ್ತಾ?"

ಈ ಕೊಡುಕೊಳ್ಳುವಿಕೆಯನ್ನು ಅಳೆದು ನೋಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಕ್ಲಾರ್ಕ್. ಸಂಶೋಧಕಿ ವಿಲ್ಕ್ಸ್-ಗಿಬ್ಸ್ ಜೊತೆ ಅವರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಬ್ಬರ ನಡುವೆ ಒಂದು ಮರೆ. ಇಬ್ಬರ ಬಳಿಯೂ ಹೆಸರಿಲ್ಲದ ಅದೇ 12 ವಿಚಿತ್ರ ಆಕೃತಿಗಳು. ಒಬ್ಬರು ವರ್ಣಿಸಬೇಕು, ಇನ್ನೊಬ್ಬರು ಅದೇ ಕ್ರಮದಲ್ಲಿ ಜೋಡಿಸಬೇಕು. ಮೊದಲ ಸುತ್ತಿನಲ್ಲಿ ವರ್ಣಿಸುವವರಿಗೆ ಒಂದೊಂದು ಆಕೃತಿಗೂ ಸರಾಸರಿ 41 ಪದ ಬೇಕಾಯಿತು. ಆರನೆಯ ಸುತ್ತಿಗೆ ಬರೀ 8 ಸಾಕಾಯಿತು. ಅಷ್ಟರಲ್ಲಿ ಇಬ್ಬರೂ ಸೇರಿ ಹೆಸರುಗಳನ್ನು ಒಪ್ಪಿಕೊಂಡಿದ್ದರು.

ನನಗೆ ಇನ್ನೂ ಮುಖ್ಯವೆನಿಸುವುದು 1989ರಲ್ಲಿ ಮೈಕೆಲ್ ಶೋಬರ್ ಮತ್ತು ಕ್ಲಾರ್ಕ್ ಕಂಡದ್ದು. ಇಂಥದ್ದೇ ಪ್ರಯೋಗದ ಸಂಭಾಷಣೆಯನ್ನು ಮೊದಲಿನಿಂದ ಕೊನೆಯವರೆಗೂ ಬರೀ ಕೇಳಿಸಿಕೊಂಡವರು, ಮಾತಿನಲ್ಲಿ ಪಾಲ್ಗೊಂಡವರಿಗಿಂತ ಹೆಚ್ಚು ತಪ್ಪು ಮಾಡಿದರು. ಕೇಳಿಸಿದ್ದು ಒಂದೇ, ಆದರೆ "ತಾಳಿ, ಯಾವುದು?" ಎಂದು ತಡೆಯುವ ಅವಕಾಶ ಅವರಿಗಿರಲಿಲ್ಲ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುಮ್ಮನಿರುವ ಸದಸ್ಯರ ಪಾಡೂ ಬಹುಶಃ ಇದೇ. ಅವರಿಗೆ ತಡೆಯುವ ಅವಕಾಶವಿದೆ, ಧೈರ್ಯವಿಲ್ಲ.

1991ರಲ್ಲಿ ಕ್ಲಾರ್ಕ್ ಮತ್ತು ಸೂಸನ್ ಬ್ರೆನ್ನನ್ ಈ ವಿಚಾರವನ್ನು ಬೇರೆ ಬೇರೆ ಸಂವಹನ ಮಾಧ್ಯಮಗಳಿಗೆ ಅನ್ವಯಿಸಿದರು. ಎದುರುಬದುರು ಇದ್ದಾಗ ಒಬ್ಬರಿಗೊಬ್ಬರು ಕಾಣುತ್ತಾರೆ, ಮರುಕ್ಷಣವೇ ಉತ್ತರ ಸಿಗುತ್ತದೆ. ಪತ್ರದಲ್ಲಿ ಇವೆರಡೂ ಇಲ್ಲ. ಬದಲಿಗೆ ಮತ್ತೆ ಓದಬಹುದು, ಕಳಿಸುವ ಮೊದಲು ತಿದ್ದಬಹುದು. ಯಾವ ಮಾಧ್ಯಮ ಏನನ್ನು ಕಸಿದುಕೊಳ್ಳುತ್ತದೋ ಅದಕ್ಕೆ ತಕ್ಕಂತೆ ಪರಸ್ಪರ ಅರ್ಥವಾಗಿಸುವ ಶ್ರಮ ಬದಲಾಗುತ್ತದೆ. ಹಲವರು ಒಟ್ಟಿಗೆ ತಿದ್ದುವ ಗೂಗಲ್ ಡಾಕ್ಸ್‌ನಲ್ಲಿ ಇತರರ ಕರ್ಸರ್ ಬಣ್ಣಬಣ್ಣವಾಗಿ ಓಡಾಡುವುದು ಅಲಂಕಾರಕ್ಕಲ್ಲ. ಹೇಳಿದ ಸಾಲಿಗೇ ಅದು ಬಂದು ನಿಂತರೆ ಬಾಯಿಬಿಟ್ಟು 'ಹ್ಞೂಂ' ಅನ್ನಬೇಕಾಗಿಲ್ಲ.

2014ರಲ್ಲಿ ವಾಟ್ಸಾಪ್ ತಂದ ಬ್ಲೂ ಟಿಕ್ ಅಷ್ಟು ದೂರ ಹೋಗುವುದಿಲ್ಲ. ಸಂದೇಶ ತೆರೆದರು ಎನ್ನುತ್ತದೆ, ತಿಳಿಯಿತು ಎನ್ನುವುದಿಲ್ಲ. ಉತ್ತರವಾಗಿ ಬರುವ ಹೆಬ್ಬೆರಳಿನ ಎಮೋಜಿಯೂ ಅಷ್ಟೇ. ನೋಡಿದವರೆಲ್ಲರಿಗೂ ಒಂದೇ ಅರ್ಥವಾಗಿರಬೇಕೆಂದಿಲ್ಲ. 'ಎಂಟನೇ ಕ್ರಾಸ್' ಎಂದರೆ ಮಲ್ಲೇಶ್ವರದವರಿಗೆ ಒಂದೇ ಜಾಗ. ಆದರೆ ಊರಿನ ಎಷ್ಟೋ ಬಡಾವಣೆಗಳಲ್ಲಿ ಎಂಟನೇ ಕ್ರಾಸ್ ಇದೆ. ಮುಂದಿನ ಸಲ ಗುಂಪಿನಲ್ಲಿ ಛತ್ರದ ವಿಳಾಸವನ್ನೋ ಬದಲಾದ ಮುಹೂರ್ತವನ್ನೋ ಹಾಕಿದಾಗ ಟಿಕ್ ಎಣಿಸಬೇಡಿ. ದೂರದಿಂದ ಬರುವ ಒಬ್ಬರಿಗಾದರೂ ಫೋನ್ ಮಾಡಿ, ಅವರ ಬಾಯಿಂದಲೇ ಒಮ್ಮೆ ಹೇಳಿಸಿ.